ಇಬ್ಬರು ಮನುಷ್ಯರು, ಎರಡು ನಾಯಿ: ಥಾಯ್ ಕಲಿಯುವವರಿಗೆ ಕನ್ನಡದ ದಾರಿ

ಥಾಯ್ ಭಾಷೆ ಕಲಿಯಲು ಕೂತವರನ್ನು ಮೊದಲು ಹೆದರಿಸುವುದು ಅದರ ಸ್ವರದ ಏರಿಳಿತ. ಅದಕ್ಕೆ ಕಿವಿ ಒಂದಷ್ಟು ಹೊಂದಿಕೊಂಡಿತು ಅನ್ನುವಷ್ಟರಲ್ಲಿ ಎರಡನೆಯ ಹೆದರಿಕೆ ಎದುರಾಗುತ್ತದೆ. ಥಾಯ್ ಭಾಷೆಯಲ್ಲಿ ‘ಎರಡು ನಾಯಿ’ ಎಂದು ನೇರವಾಗಿ ಹೇಳುವಂತಿಲ್ಲ. ‘ಮಾ ಸೋಂಗ್ ತುವಾ’ ಎನ್ನಬೇಕು. ‘ಮಾ’ ಎಂದರೆ ನಾಯಿ, ‘ಸೋಂಗ್’ ಎಂದರೆ ಎರಡು, ಕೊನೆಯ ‘ತುವಾ’ ಎಂದರೆ ಮೈ ಅಥವಾ ಶರೀರ. ನಾಯಿಗೆ ತುವಾ ಆದರೆ ಪುಸ್ತಕಕ್ಕೆ ‘ಲೆಮ್’, ಕಾರಿಗೆ ‘ಖನ್’, ಮನೆಗೆ ‘ಲಂಗ್’, ಮನುಷ್ಯರಿಗೆ ‘ಖೊನ್’. ಹೀಗೆ ಎಣಿಸುವ ವಸ್ತು ಬದಲಾದಂತೆ ಸಂಖ್ಯೆಯ ಜೊತೆಗೆ ನಿಲ್ಲುವ ಪದವೂ ಬದಲಾಗುತ್ತದೆ. ಥಾಯ್ ವ್ಯಾಕರಣಕಾರರು ಈ ಪದಗಳನ್ನು ಕರೆಯುವುದು ‘ಲಕ್ಸನನಾಮ್’ ಎಂದು. ಅದು ನಮ್ಮ ಲಕ್ಷಣ ಮತ್ತು ನಾಮ ಎರಡೂ ಸೇರಿ ಆದ ಪದವಾದ್ದರಿಂದ ಇಲ್ಲಿಯೂ ಲಕ್ಷಣನಾಮ ಎಂದೇ ಬಳಸುತ್ತೇನೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ ಪ್ರವಾಸಕ್ಕೋ ಹೋಟೆಲ್ ಉದ್ಯೋಗಕ್ಕೋ ನಾಲ್ಕು ಮಾತು ಥಾಯ್ ಕಲಿಯಬೇಕೆನ್ನುವ ಆಸಕ್ತಿ ನಮ್ಮಲ್ಲೂ ಮೂಡಿದೆ. ಹೀಗೆ ಆಸಕ್ತಿಯಿಂದ ಬಂದ ಅನೇಕರು ಲಕ್ಷಣನಾಮಗಳ ಉದ್ದನೆಯ ಪಟ್ಟಿ ನೋಡಿ ಪುಸ್ತಕ ಮುಚ್ಚಿಬಿಡುತ್ತಾರೆ.

ಈ ಹೆದರಿಕೆ ಇಂಗ್ಲಿಷಿನ ಮೂಲಕ ಥಾಯ್ ಕಲಿಯುವುದರಿಂದ ಹುಟ್ಟಿದ್ದು ಎಂಬುದು ನನ್ನ ವಾದ. ಇಂಗ್ಲಿಷ್ ಮನುಷ್ಯರಿಗೂ ನಾಯಿಗೂ ಕುರ್ಚಿಗೂ ಒಂದೇ ‘ಟೂ’ ಹಚ್ಚುತ್ತದೆ. ಆ ಭಾಷೆಯವರಿಗೆ ಎಣಿಸುವಾಗ ವಸ್ತುವಿನ ಜಾತಿ ನೋಡಬೇಕು ಎಂಬುದೇ ಹೊಸ ಸಂಗತಿ. ಹಾಗಾಗಿ ಆ ಪಠ್ಯಗಳು ಲಕ್ಷಣನಾಮವನ್ನು ವಿಚಿತ್ರ ವಸ್ತುವಿನಂತೆ ತೋರಿಸುತ್ತವೆ. ಕನ್ನಡಿಗರಿಗೆ ಅದು ಹೊಸದೇನೂ ಅಲ್ಲ. ನಮ್ಮ ಭಾಷೆ ಎಣಿಸುವ ಹೊತ್ತಿಗೆ ಜಗತ್ತನ್ನು ಎರಡು ಪಾಲು ಮಾಡಿಯೇ ಮುಂದಕ್ಕೆ ಹೋಗುತ್ತದೆ: ನಾಯಿ ಎರಡು, ಹುಡುಗರು ಇಬ್ಬರು. ಥಾಯ್ ಇದನ್ನೇ ಎರಡಕ್ಕೆ ನಿಲ್ಲಿಸದೆ ಹತ್ತಾರು ಪಾಲಾಗಿ ಬೆಳೆಸಿದೆ, ಅಷ್ಟೆ. ಕನ್ನಡದಲ್ಲಿ ನಾವು ಏನನ್ನು ಹೇಗೆ ಎಣಿಸುತ್ತೇವೆ ಎಂಬುದನ್ನು ಮೊದಲು ಗಮನಿಸಿ, ಅಲ್ಲಿಂದ ಥಾಯ್‌ಗೆ ಹೋದರೆ ಸರಿಯಾದ ಲಕ್ಷಣನಾಮ ಆರಿಸುವ ಕೆಲಸ ಅರ್ಧ ಹಗುರಾಗುತ್ತದೆ. ಉಳಿದ ಅರ್ಧಕ್ಕೆ ಬಾಯಿಪಾಠ ಬೇಕು. ಆದರೆ ಬಾಯಿಪಾಠ ಮಾಡಬೇಕಾದದ್ದು ಪಟ್ಟಿಯನ್ನಲ್ಲ.

ಇದಕ್ಕೆ ಪುರಾವೆ ಹುಡುಕಲು ಜೊಯಿಡಾ ತಾಲ್ಲೂಕಿನ ರಾಮನಗರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ದಾರಿಯಲ್ಲಿರುವ ಈ ಊರಿನಲ್ಲಿ, ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ ಪುನರ್ವಸತಿ ಪಡೆದು ನೆಲೆಸಿದ್ದಾರೆ. ಸುತ್ತಲಿನ ಜೊಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಹಳಿಯಾಳದ ಕಡೆ ಮರಾಠಿ ಮನೆಮಾತಿನವರು ಬಹಳ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಗಳು ಆಡುವುದು ಕನ್ನಡ ಮತ್ತು ಮರಾಠಿ ಬೆರೆತ ಒಂದು ಬಗೆಯ ಕೊಂಕಣಿ. ದಾಂಡೇಲಿಗೆ ಕಾಗದದ ಗಿರಣಿಯ ಕೆಲಸಕ್ಕೆಂದು ಬಂದವರು ತಮ್ಮ ತಮ್ಮ ಭಾಷೆಗಳನ್ನು ತಂದರು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸಾಹತು ಇದೆ. ಶಾಲೆ, ಕಚೇರಿಗಳಲ್ಲಿ ಕನ್ನಡ, ಅಂಗಡಿ ಸಾಲಿನಲ್ಲಿ ಉರ್ದು, ಹಿಂದಿ. ಇಂಥ ಕಡೆ ಬೆಳೆದವರು ಮೂರು ಭಾಷೆಗಳಲ್ಲಿ ಎಣಿಸಲು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ.

ಆ ಎಣಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕನ್ನಡದಲ್ಲಿ ವಸ್ತು, ಪ್ರಾಣಿಗಳಿಗೆ ಒಂದು, ಎರಡು, ಮೂರು, ನಾಲ್ಕು, ಐದು. ಮನುಷ್ಯರಿಗೆ ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು, ಐವರು. ಆರಕ್ಕೆ ಬಂದೊಡನೆ ಆಡುಮಾತು ದಾರಿ ಬದಲಿಸಿ ‘ಆರು ಜನ’ ಅನ್ನುತ್ತದೆ. ಉತ್ತರ ಕರ್ನಾಟಕದ ಬಾಯಲ್ಲಿ ‘ಮೂರು ಮಂದಿ, ನಾಕು ಮಂದಿ’ ಎಂದು ಇನ್ನೂ ಮೊದಲೇ ಬದಲಾಗುತ್ತದೆ. ಮರಾಠಿಯಲ್ಲಿ ನಾಯಿಗಳು ‘ದೋನ್’, ಗಂಡಸರು ‘ದೋಘೆ’, ಹೆಂಗಸರು ‘ದೋಘಿ’. ಮುಂದೆ ತಿಘೆ, ಚೌಘೆ. ಐದಕ್ಕೆ ಅಲ್ಲಿಯೂ ದಾರಿ ಬದಲಾಗಿ ‘ಪಾಚ್ ಜಣ’. ಕೊಂಕಣಿಯಲ್ಲಿ ದೋಗ್, ತೇಗ್, ಚೌಗ್ ಆದ ಮೇಲೆ ‘ಜಣ್’ ಬರುತ್ತದೆ. ಕನ್ನಡ ದ್ರಾವಿಡ ಕುಟುಂಬದ್ದು, ಮರಾಠಿ, ಕೊಂಕಣಿಗಳು ಆರ್ಯ ಕುಟುಂಬದವು. ಮೂಲ ಬೇರೆಯಾದರೂ ಮೂರೂ ಭಾಷೆಗಳು ಚಿಕ್ಕ ಸಂಖ್ಯೆಗಳಲ್ಲಿ ಮನುಷ್ಯರಿಗೆ ಪ್ರತ್ಯೇಕ ರೂಪ ಇಟ್ಟುಕೊಂಡಿವೆ, ಅದು ಮುಗಿದ ಮೇಲೆ ಸಂಖ್ಯೆಯ ಜೊತೆಗೆ ಬೇರೊಂದು ಪದ ನಿಲ್ಲಿಸುತ್ತವೆ. ಈ ‘ಜನ’, ‘ಮಂದಿ’, ‘ಜಣ’ಗಳು ಮಾಡುವ ಕೆಲಸ ಥಾಯ್‌ನ ‘ಖೊನ್’ ಮಾಡುವ ಕೆಲಸವೇ. ಇನ್ನೊಂದು ಹೋಲಿಕೆಯನ್ನೂ ಗಮನಿಸಿ. ‘ಇಬ್ಬರು ಬಂದರು’ ಎಂದಷ್ಟೇ ಹೇಳಿದರೂ ಬಂದವರು ಮನುಷ್ಯರೆಂದು ಕೇಳುವವರಿಗೆ ಗೊತ್ತಾಗುತ್ತದೆ. ಥಾಯ್ ಮಾತಿನಲ್ಲೂ ಒಮ್ಮೆ ವಸ್ತುವಿನ ಹೆಸರು ಬಂದುಹೋದ ಮೇಲೆ ಅದನ್ನು ಬಿಟ್ಟು ‘ಸೋಂಗ್ ಖೊನ್’, ‘ಸೋಂಗ್ ತುವಾ’ ಎಂದರೆ ಸಾಕು. ಲಕ್ಷಣನಾಮವೇ ಹೆಸರಿನ ಜಾಗ ತುಂಬುತ್ತದೆ.

ಪದಗಳ ಕ್ರಮದಲ್ಲೂ ನಮಗೆ ಅನುಕೂಲವಿದೆ. ಥಾಯ್‌ನಲ್ಲಿ ಮೊದಲು ವಸ್ತು, ಆಮೇಲೆ ಸಂಖ್ಯೆ, ಕೊನೆಗೆ ಲಕ್ಷಣನಾಮ. ಇಂಗ್ಲಿಷಿನವರಿಗೆ ಇದು ತಲೆಕೆಳಗು. ಕನ್ನಡದ ಬರವಣಿಗೆಯಲ್ಲಿ ನಾವೂ ‘ಎರಡು ಕಿಲೋ ಅಕ್ಕಿ’ ಎಂದು ಬರೆದರೂ ಅಂಗಡಿಯ ಮುಂದೆ ನಿಂತಾಗ ಬಾಯಿಗೆ ಬರುವುದು ‘ಅಕ್ಕಿ ಎರಡು ಕಿಲೋ, ಕೊತ್ತಂಬರಿ ಒಂದು ಕಟ್ಟು, ಮಲ್ಲಿಗೆ ಎರಡು ಮೊಳ’ ಎಂದೇ. ಹೋಟೆಲಿನಲ್ಲಿ ‘ಇಡ್ಲಿ ಎರಡು ಪ್ಲೇಟ್’ ಎನ್ನುವ ಹಾಗೆ ಬ್ಯಾಂಕಾಕಿನಲ್ಲಿ ‘ಖಾವ್ ಫತ್ ಸೋಂಗ್ ಚಾನ್’ ಅನ್ನುತ್ತಾರೆ: ಹುರಿದ ಅನ್ನ, ಎರಡು, ತಟ್ಟೆ. ಬಾಳೆಹಣ್ಣಿನ ವ್ಯಾಪಾರವನ್ನೇ ತೆಗೆದುಕೊಳ್ಳಿ. ಗಿಡದಿಂದ ಕಡಿದು ತಂದದ್ದು ಗೊನೆ, ಗೊನೆಯಿಂದ ಬಿಡಿಸಿದ್ದು ಚಿಪ್ಪು, ಚಿಪ್ಪಿನಿಂದ ಕಿತ್ತದ್ದು ಹಣ್ಣು. ಥಾಯ್‌ನಲ್ಲಿ ಗೊನೆಗೆ ‘ಖ್ರುವಾ’, ಚಿಪ್ಪಿಗೆ ‘ವೀ’, ಬಿಡಿ ಹಣ್ಣಿಗೆ ‘ಲೂಕ್’. ಮೂರು ಮೆಟ್ಟಿಲೂ ಹಾಗೆಯೇ ಇವೆ. ವೀ ಎಂದರೆ ತಲೆ ಬಾಚುವ ಹಣಿಗೆ. ಹಲ್ಲುಗಳಂತೆ ಸಾಲಾಗಿ ಕೂತ ಕಾಯಿಗಳನ್ನು ನೋಡಿ ಇಟ್ಟ ಹೆಸರು. ಮರಾಠಿಯವರು ಬಾಳೆಯ ಚಿಪ್ಪನ್ನು ‘ಫಣಿ’ ಎನ್ನುತ್ತಾರೆ, ಅದೂ ಹಣಿಗೆಯೇ. ರಾಮನಗರದಲ್ಲಿ ಮರಾಠಿ ಬಲ್ಲವರಿಗೆ ಥಾಯ್‌ನ ವೀ ನೆನಪಿಡಲು ಬೇರೆ ಉಪಾಯ ಬೇಕಿಲ್ಲ.

ಇದನ್ನೆಲ್ಲ ಕಾಕತಾಳೀಯ ಎಂದು ತಳ್ಳಿಹಾಕುವ ಹಾಗಿಲ್ಲ, ಏಕೆಂದರೆ ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ತೋಡ, ಕೊಡವ, ಕೊಲಾಮಿ ಭಾಷೆಗಳ ಮೇಲೆ ಕೆಲಸ ಮಾಡಿದ ಮರ್ರೆ ಎಮೆನೊ 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಭಾರತವನ್ನು ‘ಒಂದು ಭಾಷಾ ಪ್ರದೇಶ’ ಎಂದು ಕರೆದರು. ಬೇರೆ ಬೇರೆ ಕುಟುಂಬದ ಭಾಷೆಗಳು ಅಕ್ಕಪಕ್ಕದಲ್ಲಿ ಬಾಳಿ ಒಂದರ ಗುಣ ಇನ್ನೊಂದು ಪಡೆದಿವೆ ಎಂದು ತೋರಿಸಲು ಅವರು ತಂದ ಸಾಕ್ಷಿಗಳಲ್ಲಿ, ಸಂಖ್ಯೆಯ ಜೊತೆ ಬರುವ ಇಂಥ ಪದಗಳೂ ಸೇರಿದ್ದವು. ಎಮೆನೊ ಅದಕ್ಕೂ ಮೊದಲು ವಿಯೆಟ್ನಾಮೀ ಭಾಷೆಯ ವ್ಯಾಕರಣವನ್ನೂ ಬರೆದಿದ್ದರಾದ್ದರಿಂದ ಲಕ್ಷಣನಾಮಗಳು ಪೂರ್ಣವಾಗಿ ಬೆಳೆದ ಭಾಷೆ ಹೇಗಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಥಾಯ್‌ನ ಲಕ್ಷಣನಾಮಗಳ ಬಗ್ಗೆ 1942ರಲ್ಲಿ ಮೊದಲ ಮುಖ್ಯ ಲೇಖನಗಳಲ್ಲೊಂದನ್ನು ಬರೆದ ಮೇರಿ ಹಾಸ್ ಮುಂದೆ ಬರ್ಕ್ಲಿಯಲ್ಲಿ ಇವರ ಸಹೋದ್ಯೋಗಿಯಾದರು. ಇನ್ನು 1971ರಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗಲಿ ಜಿಲ್ಲೆಯ ಕುಪವಾಡದ ಬಗ್ಗೆ ಬರೆದದ್ದು ಗಡಿನಾಡಿನವರೆಲ್ಲ ಓದಬೇಕಾದ ಅಧ್ಯಯನ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಲ್ಲಿ ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡರೂ ವಾಕ್ಯದ ಕಟ್ಟನ್ನು ಒಂದೇ ಮಾಡಿಕೊಂಡಿವೆ ಎಂದು ಅವರು ತೋರಿಸಿದರು. ಪದ ಬದಲಾದರೂ ಕಟ್ಟು ಒಂದೇ ಇರಬಹುದು ಎಂಬ ಈ ತಿಳಿವಳಿಕೆ ಹೊಸ ಭಾಷೆ ಕಲಿಯುವವರಿಗೆ ದೊಡ್ಡ ಬಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ. ಕಿಲೋ, ಕಟ್ಟು, ಮೊಳ, ಪ್ಲೇಟುಗಳು ಅಳತೆಯ ಪದಗಳು, ಅವು ಯಾವ ಭಾಷೆಯಲ್ಲಿ ಇಲ್ಲ? ಅವನ್ನು ತೋರಿಸಿ ಕನ್ನಡದಲ್ಲಿ ಲಕ್ಷಣನಾಮ ಇದೆ ಎನ್ನುವುದು ಸರಿಯೇ? ಆಕ್ಷೇಪಣೆಯಲ್ಲಿ ಹುರುಳಿದೆ. ಅಕ್ಕಿ, ಹಾಲು, ಕಾಗದದಂಥವನ್ನು ಅಳತೆಯಿಲ್ಲದೆ ಎಣಿಸಲು ಬರುವುದಿಲ್ಲ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದ ಹೊರಬರುವ ಕಾಗದವನ್ನು ಹಾಳೆ, ದಸ್ತಾ, ರೀಮುಗಳಲ್ಲಿ ಲೆಕ್ಕ ಹಾಕಬೇಕೇ ಹೊರತು ‘ಎರಡು ಕಾಗದ’ ಎಂದರೆ ಕೇಳಿದವರು ಎರಡು ಪತ್ರ ಎಂದುಕೊಳ್ಳುತ್ತಾರೆ. ಥಾಯ್ ವಿಶೇಷ ಇರುವುದು ಬೇರೆ ಕಡೆ. ತಾನಾಗಿಯೇ ಬಿಡಿಬಿಡಿಯಾಗಿರುವ ನಾಯಿ, ಛತ್ರಿ, ಮನೆಗಳಿಗೂ ಅದು ಜೊತೆಪದ ಕೇಳುತ್ತದೆ. ಕನ್ನಡದಲ್ಲಿ ಛತ್ರಿ ಎರಡು ಎಂದರೆ ಮುಗಿಯಿತು. ಹಾಗಾಗಿ ಕನ್ನಡ ಪೂರ್ಣಪ್ರಮಾಣದ ಲಕ್ಷಣನಾಮಗಳ ಭಾಷೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಬ್ಬರು, ಮೂವರು ಎಂಬ ರೂಪಗಳು ಅಳತೆಯ ಪದಗಳಲ್ಲ. ಮನುಷ್ಯರೂ ಬಿಡಿಬಿಡಿಯಾಗಿಯೇ ಇರುವವರು, ಆದರೂ ಕನ್ನಡ ಅವರನ್ನು ‘ಎರಡು’ ಎಂದು ಎಣಿಸಲು ಒಪ್ಪುವುದಿಲ್ಲ. ಇನ್ನೊಂದು ಸೂಕ್ಷ್ಮ ಸಾಕ್ಷಿ ಬಹುವಚನದ್ದು. ‘ಹತ್ತು ಮರ, ಹತ್ತು ಆಕಳು’ ಎಂದರೆ ಸರಿ, ‘ಗಳು’ ಬೇಕೇ ಬೇಕೆಂದಿಲ್ಲ. ‘ಹತ್ತು ಹುಡುಗ’ ಎನ್ನಲಾಗದು, ಹುಡುಗರು ಎನ್ನಲೇಬೇಕು. ಥಾಯ್ ನಾಮಪದಗಳಿಗೆ ಬಹುವಚನದ ಪ್ರತ್ಯಯವೇ ಇಲ್ಲ. ಲಕ್ಷಣನಾಮ ಕಡ್ಡಾಯವಾಗಿರುವ ಭಾಷೆಗಳಲ್ಲಿ ಸಾಮಾನ್ಯವಾಗಿ ಕಡ್ಡಾಯ ಬಹುವಚನ ಇರುವುದಿಲ್ಲ ಎಂಬುದು ಭಾಷಾಶಾಸ್ತ್ರದಲ್ಲಿ ಪರಿಚಿತ ಮಾತು. ಕನ್ನಡ ಈ ಎರಡರ ನಡುವೆ ನಿಂತಿದೆ.

ಹಾಗೆ ನಡುವೆ ನಿಂತಿರುವುದು ಕನ್ನಡವೊಂದೇ ಅಲ್ಲ. ಜಗತ್ತಿನ 400 ಭಾಷೆಗಳನ್ನು ಹೋಲಿಸಿ ಮಾಡಿದ ಒಂದು ಭಾಷಾ ಭೂಪಟದಲ್ಲಿ 260 ಭಾಷೆಗಳಲ್ಲಿ ಇಂಥ ಪದಗಳು ಇಲ್ಲ, 78ರಲ್ಲಿ ಕಡ್ಡಾಯ, 62ರಲ್ಲಿ ಬೇಕಾದರೆ ಬಳಸುವಂಥವು. ಕಡ್ಡಾಯವಾಗಿರುವ ಭಾಷೆಗಳು ಹೆಚ್ಚಾಗಿ ಪೂರ್ವ ಮತ್ತು ಆಗ್ನೇಯ ಏಷ್ಯಾದವು: ಚೀನೀ, ಜಪಾನೀ, ಬರ್ಮೀ, ವಿಯೆಟ್ನಾಮೀ, ಥಾಯ್. ಭಾರತದೊಳಗೇ ಪೂರ್ವಕ್ಕೆ ಹೋದಂತೆ ಇವು ಹೆಚ್ಚುತ್ತವೆ. ಬಂಗಾಳಿಯಲ್ಲಿ ಮನುಷ್ಯರಿಗೆ ‘ಜೊನ್’, ವಸ್ತುಗಳಿಗೆ ‘ಟಾ’. ಅಸ್ಸಾಮಿಯಲ್ಲಿ ಇನ್ನೂ ಹಲವು. ರಾಜಮಹಲ್ ಬೆಟ್ಟಗಳಲ್ಲಿ ಆಡುವ, ನಮ್ಮದೇ ದ್ರಾವಿಡ ಕುಟುಂಬದ ಮಾಲ್ಟೊ ಭಾಷೆಯಲ್ಲೂ ಎಣಿಕೆಗೆ ಇಂಥ ಪದಗಳು ಬೆಳೆದಿವೆ. ಪೂರ್ವದಲ್ಲಿ ದಟ್ಟವಾಗಿ ಇರುವ ಈ ಗುಣ ನಮ್ಮ ಪಶ್ಚಿಮ ಘಟ್ಟದ ಕಡೆ ತೆಳುವಾಗಿಯಾದರೂ ಇದೆ. ಪೂರ್ತಿ ಇಲ್ಲವಾಗಿಲ್ಲ.

ಈಗ ಥಾಯ್ ಪದಗಳ ಒಳಗೆ ಹೋಗೋಣ. ಇವುಗಳನ್ನು ಕಲಿಸುವವರು ಸಾಮಾನ್ಯವಾಗಿ ಆಕಾರದ ಸೂತ್ರ ಕೊಡುತ್ತಾರೆ. ಗುಂಡಗಿನದಕ್ಕೆ ಲೂಕ್, ಚಪ್ಪಟೆಯದಕ್ಕೆ ‘ಫೇನ್’, ನೂಲಿನಂತೆ ಉದ್ದದ್ದಕ್ಕೆ ‘ಸೇನ್’. ಹಣ್ಣು, ಚೆಂಡು, ಬೆಟ್ಟ ಮೂರೂ ಲೂಕ್. ಕಾಗದದ ಹಾಳೆ ಫೇನ್. ಕೂದಲು, ಕೊರಳ ಸರ, ರಸ್ತೆಗಳು ಸೇನ್. ಇಷ್ಟರವರೆಗೆ ಸೂತ್ರ ಕೈ ಕೊಡುವುದಿಲ್ಲ. ಆದರೆ ಲೆಮ್ ಎಂಬುದು ಪುಸ್ತಕಕ್ಕೆ, ಚಾಕುವಿಗೆ, ಮೇಣದಬತ್ತಿಗೆ. ಖನ್ ಕಾರಿಗೆ, ಛತ್ರಿಗೆ, ಊಟದ ಚಮಚಕ್ಕೆ. ಎಲೆ ಎಂಬರ್ಥದ ‘ಬೈ’ ಟೋಪಿಗೆ, ಚೀಲಕ್ಕೆ, ತಟ್ಟೆಗೆ, ಟಿಕೆಟ್ಟಿಗೆ. ಹೂವು ಎಂಬರ್ಥದ ‘ದೋಕ್’ ಹೂವಿಗೆ ಸರಿ, ಊದುಬತ್ತಿಗೂ ಬೀಗದಕೈಗೂ ಅದೇ. ಪ್ರಾಣಿಗಳ ತುವಾ ಮೇಜು, ಕುರ್ಚಿ, ಅಂಗಿ, ಚಡ್ಡಿಗಳಿಗೂ ಹರಡಿದೆ. ಮೇಜಿಗೆ ಕಾಲುಗಳಿವೆ, ಅಂಗಿಗೆ ತೋಳುಗಳಿವೆ, ಎರಡಕ್ಕೂ ಮೈ ಇದ್ದಂತೆ ಎಂದು ವಿವರಣೆ ಕೊಡಬಹುದು. ಛತ್ರಿಗೆ ಹಿಡಿಯಿದೆ, ಚಮಚಕ್ಕೂ ಹಿಡಿಯಿದೆ ಎನ್ನಬಹುದು. ಆದರೆ ಇವೆಲ್ಲ ಗೊತ್ತಾದ ಮೇಲೆ ಹೊಳೆಯುವ ಕಾರಣಗಳು. ಊದುಬತ್ತಿ ಮೊದಲ ಸಲ ಕೈಗೆ ಸಿಕ್ಕಾಗ ಅದನ್ನು ಹೂವಿನ ಪದದಿಂದ ಎಣಿಸಬೇಕೆಂದು ಯಾವ ಸೂತ್ರವೂ ಹೇಳಿಕೊಡದು. ಸೂತ್ರ ನೆನಪಿಗೆ ಊರುಗೋಲಾಗಬಹುದು, ಆಯ್ಕೆಗೆ ಆಧಾರವಾಗದು. ಲಕ್ಷಣನಾಮವೆಂಬುದು ಒಂದು ಸಮಾಜ ತನ್ನ ವಸ್ತುಗಳನ್ನು ಹೇಗೆ ಗುಂಪು ಕಟ್ಟಿತು ಎಂಬುದರ ದಾಖಲೆ. ಅದನ್ನು ಊಹಿಸುವುದಕ್ಕಿಂತ ಕೇಳಿ ತಿಳಿಯುವುದೇ ಸರಿ.

ಗುಂಪು ಕಟ್ಟುವುದರಲ್ಲಿ ಆಕಾರಕ್ಕಿಂತ ಸಂಬಂಧ, ಮರ್ಯಾದೆಗಳೇ ಕೆಲವೊಮ್ಮೆ ಮೇಲಾಗುತ್ತವೆ. ಆನೆಯ ಉದಾಹರಣೆ ನೋಡಿ. ಕಾಡಾನೆಯನ್ನು ಥಾಯ್ ಜನ ಬೇರೆ ಪ್ರಾಣಿಗಳಂತೆ ತುವಾ ಎಂದೇ ಎಣಿಸುತ್ತಾರೆ. ಸಾಕಾನೆಗೆ ‘ಛುವಾಕ್’, ಅಂದರೆ ಹಗ್ಗ. ಮನುಷ್ಯನ ಹಗ್ಗಕ್ಕೆ ಬಂದ ಆನೆ ಎಣಿಕೆಯಲ್ಲೇ ಬೇರೆಯಾಗುತ್ತದೆ. ಹೊಲಕ್ಕೆ ಬಂದು ಭತ್ತ ತುಳಿಯುವ ಆನೆಗೂ ದಿಮ್ಮಿ ಎಳೆಯುವ ಸಾಕಾನೆಗೂ ಇರುವ ಅಂತರ ಹಳಿಯಾಳ, ದಾಂಡೇಲಿ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಭಿಕ್ಷುಗಳದ್ದು ಇನ್ನೂ ಮುಖ್ಯ. ಅವರನ್ನು ಖೊನ್ ಎಂದು ಎಣಿಸುವುದು ಸರಿಯಲ್ಲ. ಅವರಿಗೆ ‘ರೂಪ್’, ಅಂದರೆ ನಮ್ಮ ರೂಪ. ಆಡುಮಾತಿನಲ್ಲಿ ‘ಓಂಗ್’ ಎಂಬುದೂ ಕೇಳುತ್ತದೆ, ಅದು ನಮ್ಮ ಅಂಗ. ಬುದ್ಧನ ಮೂರ್ತಿಗೂ ರಾಜಮನೆತನದವರಿಗೂ ಓಂಗ್ ಸಲ್ಲುತ್ತದೆ. 1969ರಲ್ಲಿ ಮುಂಡಗೋಡದಲ್ಲಿ ಮತ್ತೆ ನೆಲೆಯೂರಿದ ಗಾಂದೆನ್, ದ್ರೆಪುಂಗ್ ಮಠಗಳ ಬೀದಿಗೆ ಥಾಯ್ ಪ್ರವಾಸಿ ಬಂದನೆಂದುಕೊಳ್ಳಿ. ಎದುರಿಗೆ ಬರುವ ಮೂವರು ಲಾಮಾಗಳನ್ನು ಅವನು ಎಣಿಸುವುದು ‘ಸಾಮ್ ರೂಪ್’ ಎಂದು. ನಾವು ‘ಒಬ್ಬ ಸ್ವಾಮಿ ಬಂದ’ ಎನ್ನದೆ ‘ಸ್ವಾಮಿಗಳು ಒಬ್ಬರು ಬಂದಿದ್ದಾರೆ’ ಎನ್ನುವಾಗ ಸಂಖ್ಯಾಪದದ ಒಳಗೇ ಗೌರವ ಇಡುತ್ತೇವಲ್ಲ, ಅದೇ ವಿವೇಕ ಇಲ್ಲಿದೆ. ಇದಕ್ಕೆ ವ್ಯತಿರಿಕ್ತವಾಗಿ ಮನುಷ್ಯರಿಗೆ ತುವಾ ಹಚ್ಚಿದರೆ ಅದು ಬೈಗುಳಕ್ಕೆ ಸಮ. ‘ಎರಡು ಪೊಲೀಸರು ಬಂದಿವೆ’ ಎಂದರೆ ಕನ್ನಡದಲ್ಲಿ ಹೇಗೆ ಕೇಳುತ್ತದೋ ಹಾಗೆ.

ಗಡಿಯಂಚಿನ ಪ್ರಕರಣಗಳಲ್ಲಿ ಎರಡು ಭಾಷೆಗಳ ಸ್ವಭಾವ ಇನ್ನೂ ಚೆನ್ನಾಗಿ ಕಾಣುತ್ತದೆ. ಕನ್ನಡದಲ್ಲಿ ರಾಕ್ಷಸರು ಇಬ್ಬರು, ದೆವ್ವ ಎರಡು. ದೇವರು ಕಥೆಯಲ್ಲಿ ಮೂವರು, ಜಗುಲಿಯ ಮೇಲಿನ ಮೂರ್ತಿಗಳಾದರೆ ಮೂರು. ಕೂಸು ‘ಒಂದು ಮಗು’, ಬೆಳೆದ ಮೇಲೆ ‘ಒಬ್ಬ ಮಗ’. ಮಕ್ಕಳನ್ನು ಎರಡು ಎನ್ನುವವರೂ ಇದ್ದಾರೆ, ಇಬ್ಬರು ಎನ್ನುವವರೂ ಇದ್ದಾರೆ. ಥಾಯ್‌ನಲ್ಲಿ ದೈತ್ಯರಿಗೆ ‘ತೊನ್’ ಎಂಬ ಪ್ರತ್ಯೇಕ ಪದ, ದೆವ್ವ ಆಡುಮಾತಿನಲ್ಲಿ ಪ್ರಾಣಿಯ ಸಾಲಿಗೆ ಸೇರಿ ತುವಾ. ಅಂದರೆ ಯಾರು ಮನುಷ್ಯರ ಪಂಕ್ತಿಗೆ ಸೇರುತ್ತಾರೆ, ಯಾರು ಸೇರುವುದಿಲ್ಲ ಎಂಬ ತೀರ್ಮಾನ ಎರಡೂ ಭಾಷೆಗಳಲ್ಲಿ ಎಣಿಕೆಯ ಕ್ಷಣದಲ್ಲೇ ಆಗುತ್ತದೆ. ಕನ್ನಡ ಕಲಿಯಲು ಬಂದ ಹೊರಗಿನವರು ‘ಎರಡು ಹುಡುಗರು’ ಎಂದಾಗ ತಿದ್ದುವ ನಾವು ಈ ತೀರ್ಮಾನವನ್ನು ದಿನವೂ ಯೋಚಿಸದೆ ಮಾಡುತ್ತಿರುತ್ತೇವೆ. ಥಾಯ್ ಕಲಿಯುವಾಗ ಅದನ್ನೇ ಯೋಚಿಸಿ ಮಾಡಬೇಕು.

ಎರಡನೆಯ ಆಕ್ಷೇಪಣೆ ವ್ಯವಹಾರದ್ದು. ಥಾಯ್‌ನಲ್ಲಿ ‘ಅನ್’ ಎಂಬ ಸಾಮಾನ್ಯ ಪದವಿದೆ, ಹೆಸರು ಗೊತ್ತಿಲ್ಲದ ಸಣ್ಣಪುಟ್ಟ ವಸ್ತುಗಳಿಗೆಲ್ಲ ಅದು ನಡೆಯುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಹೋಗುವವರಿಗೆ ಅದೊಂದೇ ಸಾಲದೇ? ಅಂಗಡಿಯಲ್ಲಿ ಆಟಿಕೆ ತೋರಿಸಿ ‘ಸೋಂಗ್ ಅನ್’ ಎಂದರೆ ವ್ಯಾಪಾರ ಆಗುತ್ತದೆ ಎಂಬುದು ನಿಜ. ಥಾಯ್ ಜನರೂ ಸಲಿಗೆಯ ಮಾತಿನಲ್ಲಿ ಅದನ್ನು ಧಾರಾಳವಾಗಿ ಬಳಸುತ್ತಾರೆ. ಆದರೆ ಅನ್‌ಗೆ ಎರಡು ಮಿತಿ ಇವೆ. ಮನುಷ್ಯರಿಗೆ, ಭಿಕ್ಷುಗಳಿಗೆ, ಪ್ರಾಣಿಗಳಿಗೆ ಅದು ಸಲ್ಲುವುದೇ ಇಲ್ಲ. ಇನ್ನೊಂದು, ಅದು ಅರ್ಥವನ್ನು ಮಸುಕು ಮಾಡುತ್ತದೆ. ಬಾಳೆಹಣ್ಣು ‘ಸೋಂಗ್ ಲೂಕ್’ ಎಂದರೆ ಎರಡು ಹಣ್ಣು, ‘ಸೋಂಗ್ ವೀ’ ಎಂದರೆ ಎರಡು ಚಿಪ್ಪು. ನೀರು ‘ಸೋಂಗ್ ಕೇವ್’ ಎಂದರೆ ಎರಡು ಲೋಟ, ‘ಸೋಂಗ್ ಖುವಾತ್’ ಎಂದರೆ ಎರಡು ಬಾಟಲಿ. ಇಲ್ಲಿ ಸರಿಯಾದ ಪದ ಹೇಳುವುದು ವ್ಯಾಕರಣದ ಶಿಸ್ತಿಗಾಗಿ ಮಾತ್ರವಲ್ಲ, ಎಷ್ಟು ದುಡ್ಡು ಕೊಡಬೇಕು ಎಂಬುದೂ ಅದರಲ್ಲೇ ಇದೆ. ಹೀಗಾಗಿ ಅನ್ ಅನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳಬೇಕು, ಅಭ್ಯಾಸ ಮಾಡಿಕೊಳ್ಳಬಾರದು.

ಮೂರನೆಯ ಆಕ್ಷೇಪಣೆ ಶಿಕ್ಷಕರಿಂದ ಬರಬಹುದು. ತಾಯ್ನುಡಿಯ ಮೂಲಕ ಹೊಸ ಭಾಷೆಗೆ ಹೋದರೆ ತಾಯ್ನುಡಿಯ ತಪ್ಪುಗಳೂ ಹಿಂದೆಯೇ ಬರುತ್ತವೆ ಎಂಬ ಆತಂಕ ಅವರದು. ಬರುತ್ತವೆ, ಸಂದೇಹವಿಲ್ಲ. ಆದರೆ ಎಲ್ಲಿ ಬರುತ್ತವೆ ಎಂದು ಮೊದಲೇ ಗೊತ್ತಿದ್ದರೆ ಕಾಯ್ದುಕೊಳ್ಳಬಹುದು. ಕನ್ನಡಿಗರು ಎಡವುವ ಜಾಗಗಳು ಮುಖ್ಯವಾಗಿ ಮೂರು. ಒಂದು, ಮನುಷ್ಯರಲ್ಲದ ಬಿಡಿ ವಸ್ತುಗಳಿಗೆ ಜೊತೆಪದ ಹಾಕುವುದನ್ನೇ ಮರೆಯುವುದು, ಏಕೆಂದರೆ ಕನ್ನಡದಲ್ಲಿ ‘ಮನೆ ಎರಡು’ ಎಂದರೆ ಸಾಕು. ಎರಡು, ಸಂಖ್ಯೆ ಇಲ್ಲದ ಕಡೆ ಲಕ್ಷಣನಾಮ ಬಿಡುವುದು. ಥಾಯ್‌ನಲ್ಲಿ ‘ಈ ನಾಯಿ’ ಎನ್ನಲು ‘ಮಾ ತುವಾ ನೀ’ ಎನ್ನುತ್ತಾರೆ, ಯಾವ ನಾಯಿ ಎಂದು ಕೇಳುವಾಗಲೂ, ದೊಡ್ಡ ನಾಯಿ ಎಂದು ಗುರುತಿಸುವಾಗಲೂ ತುವಾ ಬರುತ್ತದೆ. ಕನ್ನಡದ ಮನುಷ್ಯವಾಚಕ ಸಂಖ್ಯೆಗಳಿಗೆ ಈ ಕೆಲಸವಿಲ್ಲವಾದ್ದರಿಂದ ಇದನ್ನು ಹೊಸದಾಗಿಯೇ ಕಲಿಯಬೇಕು. ಮೂರು, ‘ಒಂದು’ ಎಂಬುದರ ಸ್ಥಾನ. ಎರಡರಿಂದ ಮುಂದಿನ ಸಂಖ್ಯೆಗಳು ಲಕ್ಷಣನಾಮಕ್ಕಿಂತ ಮೊದಲು ಬರುತ್ತವೆ. ಒಂದು ಎಂಬ ‘ನುಂಗ್’ ಮಾತ್ರ ಹಿಂದೆಯೂ ನಿಲ್ಲಬಹುದು: ‘ಮಾ ತುವಾ ನುಂಗ್’, ಒಂದು ನಾಯಿ. ಇವಿಷ್ಟನ್ನು ಗಟ್ಟಿ ಮಾಡಿಕೊಂಡರೆ ಕನ್ನಡದ ಅಡ್ಡಿ ನೀಗಿ ಅನುಕೂಲವೇ ಉಳಿಯುತ್ತದೆ. ಇನ್ನೊಂದು ಅನುಕೂಲವೆಂದರೆ ಥಾಯ್‌ನಲ್ಲಿ ಕ–ಖ, ತ–ಥ, ಪ–ಫಗಳ ಅಂತರ ಮುಖ್ಯ. ಕನ್ನಡ ಲಿಪಿಯಲ್ಲಿ ಆ ಅಕ್ಷರಗಳಿವೆ. ಆದರೆ ಸ್ವರದ ಏರಿಳಿತವನ್ನು ನಮ್ಮ ಲಿಪಿ ತೋರಿಸದು. ಈ ಲೇಖನದಲ್ಲಿ ಬರೆದ ಪದಗಳೂ ಹತ್ತಿರದ ಉಚ್ಚಾರಣೆಗಳೇ, ಅವನ್ನು ಥಾಯ್ ಬಾಯಿಂದ ಕೇಳಿ ಸರಿಮಾಡಿಕೊಳ್ಳಬೇಕು.

ಹಾಗಾದರೆ ಆರಿಸುವುದು ಹೇಗೆ? ಮೊದಲ ಉಪಾಯ, ಪ್ರಶ್ನೆಯನ್ನು ಕಿವಿಗೊಟ್ಟು ಕೇಳುವುದು. ಥಾಯ್‌ನಲ್ಲಿ ‘ಎಷ್ಟು’ ಎಂದು ಕೇಳುವ ‘ಕೀ’ ಪದದ ಬೆನ್ನಿಗೆ ಲಕ್ಷಣನಾಮ ಇದ್ದೇ ಇರುತ್ತದೆ. ಹೋಟೆಲಿನ ಬಾಗಿಲಲ್ಲಿ ‘ಕೀ ಖೊನ್’ ಎಂದು ಕೇಳುತ್ತಾರೆ, ಉತ್ತರ ‘ಸಾಮ್ ಖೊನ್’. ಹಣ್ಣಿನ ಅಂಗಡಿಯವಳು ‘ಕೀ ಲೂಕ್’ ಎನ್ನುತ್ತಾಳೆ, ಉತ್ತರ ‘ಹಾ ಲೂಕ್’, ಐದು ಹಣ್ಣು. ಹಳಿಯಾಳದ ಬಸ್ಸಿನಲ್ಲಿ ಕಂಡಕ್ಟರ್ ‘ಎಷ್ಟು ಮಂದಿ?’ ಎಂದಾಗ ‘ಆರು ಮಂದಿ’ ಎಂದು ನಾವು ಅವರ ಪದವನ್ನೇ ಮರಳಿಸುತ್ತೇವಲ್ಲ, ಅಷ್ಟೇ ಸುಲಭ. ಕೊಳ್ಳುವವರಿಗೆ ಬೇಕಾದ ಪದವನ್ನು ಮಾರುವವರೇ ಬಾಯಿಗೆ ಕೊಡುತ್ತಾರೆ, ಅದನ್ನು ಹಿಡಿದುಕೊಂಡರೆ ಸಾಕು. ಎರಡನೆಯದು, ನಾಮಪದವನ್ನು ಒಂಟಿಯಾಗಿ ಕಲಿಯದಿರುವುದು. ‘ರೋಮ್ ಎಂದರೆ ಛತ್ರಿ’ ಎಂದು ಬರೆದುಕೊಳ್ಳುವ ಬದಲು ‘ರೋಮ್ ಸೋಂಗ್ ಖನ್, ಛತ್ರಿ ಎರಡು’ ಎಂದೇ ಬರೆದುಕೊಳ್ಳಬೇಕು. ಪದದ ಜೊತೆಗೇ ಅದರ ಲಕ್ಷಣನಾಮವೂ ನಾಲಿಗೆಯ ಮೇಲೆ ಕೂರುತ್ತದೆ, ಪಟ್ಟಿ ನೆನಪಿಡುವ ಕಷ್ಟ ಇರುವುದಿಲ್ಲ. ಮೂರನೆಯದು, ಹತ್ತು ಪದಗಳಿಂದ ಶುರುಮಾಡುವುದು: ಮನುಷ್ಯರಿಗೆ ಖೊನ್, ಭಿಕ್ಷುಗಳಿಗೆ ರೂಪ್, ಪ್ರಾಣಿ ಮತ್ತು ಬಟ್ಟೆಗೆ ತುವಾ, ಹಣ್ಣಿಗೆ ಲೂಕ್, ಪಾತ್ರೆ ಚೀಲಗಳಿಗೆ ಬೈ, ವಾಹನಕ್ಕೆ ಖನ್, ಪುಸ್ತಕಕ್ಕೆ ಲೆಮ್, ಫೋನಿನಂಥ ಯಂತ್ರಕ್ಕೆ ‘ಖ್ರುವಾಂಗ್’, ಲೋಟದಲ್ಲಿ ಕೊಡುವುದಕ್ಕೆ ಕೇವ್, ತಟ್ಟೆಯಲ್ಲಿ ಬಡಿಸುವುದಕ್ಕೆ ಚಾನ್. ದಿನನಿತ್ಯದ ಬಹುಪಾಲು ವ್ಯವಹಾರ ಇಷ್ಟರಲ್ಲಿ ನಡೆಯುತ್ತದೆ. ದಿನ, ವರ್ಷಗಳಿಗೆ ಬೇರೆ ಲಕ್ಷಣನಾಮ ಬೇಡ. ದೇಶ, ಕೋಣೆಯಂಥ ಕೆಲವು ಪದಗಳು ತಮಗೆ ತಾವೇ ಲಕ್ಷಣನಾಮ. ಎರಡು ದೇಶ ಎನ್ನಲು ‘ಸೋಂಗ್ ಪ್ರಥೇತ್’ ಸಾಕು, ಆ ಪ್ರಥೇತ್ ನಮ್ಮ ಪ್ರದೇಶವೇ.

ಇನ್ನು ಉಳಿದದ್ದು ಪಠ್ಯದ ಮಾತು. ಕನ್ನಡದಲ್ಲಿ ವಿದೇಶಿ ಭಾಷೆ ಕಲಿಸುವ ಪುಸ್ತಕ ಬರೆಯುವವರು ಇಂಗ್ಲಿಷ್ ಪುಸ್ತಕವನ್ನು ಮುಂದಿಟ್ಟುಕೊಂಡು ಅನುವಾದಿಸಿದರೆ, ಇಂಗ್ಲಿಷಿನವರಿಗೆ ಕಷ್ಟವಾದದ್ದೆಲ್ಲ ನಮಗೂ ಕಷ್ಟ ಎಂದು ಹೇಳಿಕೊಟ್ಟಂತಾಗುತ್ತದೆ, ನಮಗೆ ನಿಜವಾಗಿ ಕಷ್ಟವಾಗುವುದು ಹಾಗೇ ಉಳಿಯುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಕನ್ನಡವನ್ನು ವಿವರಿಸುವ ಬಗ್ಗೆ. ಅದೇ ಮಾತು ಬೇರೆ ಭಾಷೆಗಳನ್ನು ಕನ್ನಡಿಗರಿಗೆ ಕಲಿಸುವುದಕ್ಕೂ ಅನ್ವಯಿಸುತ್ತದೆ. ಥಾಯ್ ಆಗಲಿ, ಜಪಾನೀ ಆಗಲಿ, ಚೀನೀ ಆಗಲಿ, ಪಾಠ ‘ಇಬ್ಬರು’ ಮತ್ತು ‘ಎರಡು’ಗಳ ವ್ಯತ್ಯಾಸದಿಂದ ಶುರುವಾಗಲಿ. ಗಡಿನಾಡಿನ ಮಕ್ಕಳಿಗಾದರೆ ‘ದೋಘೆ’, ‘ದೋಗ್’ಗಳನ್ನೂ ಪಕ್ಕದಲ್ಲಿ ಬರೆಯಲಿ. ಥಾಯ್ ಕಲಿಯಹೊರಟ ಓದುಗರಿಗೂ ಇಷ್ಟೇ ಸಲಹೆ: ಪಟ್ಟಿ ಬದಿಗಿಡಿ, ಹತ್ತು ಪದ ಹಿಡಿಯಿರಿ, ಪ್ರತಿ ನಾಮಪದವನ್ನೂ ‘ಸೋಂಗ್’ ಸೇರಿಸಿಯೇ ಕಲಿಯಿರಿ, ಅನುಮಾನ ಬಂದಾಗ ಎದುರಿನವರು ‘ಕೀ’ ಎಂದು ಕೇಳುವವರೆಗೆ ಕಾಯಿರಿ.